ಹೊದಿಕೆ ನೋಡಿದೆವು, ಮುಖ ನೋಡಲಿಲ್ಲ

ಸೋಮವಾರ ಬೆಳಿಗ್ಗೆ ನಮ್ಮ ಮುಖ್ಯಸ್ಥೆ ದಾಗ್ನಿ ಶಿಶುವಿಹಾರದ ಬಾಗಿಲಿಗೆ ಒಂದು ಕಾಗದ ಅಂಟಿಸಿದಳು. ‘ಗುರುವಾರ, ಶುಕ್ರವಾರ ಸಿಬ್ಬಂದಿಗೆ ತರಬೇತಿ. ಶಿಶುವಿಹಾರಕ್ಕೆ ರಜೆ.’ ಅಷ್ಟಕ್ಕೇ ಜಗಳ ಶುರುವಾಯಿತು.

ಮೊದಲು ಓದಿದವಳು ಮಾರೆನ್. ಹಲ್ಲಿನ ಕ್ಲಿನಿಕ್ಕಿನಲ್ಲಿ ಅವಳ ಕೆಲಸ. ಕಂಕುಳಲ್ಲಿ ಹದಿನಾಲ್ಕು ತಿಂಗಳ ಮಗಳು ವಿಗ್ಗಾ. ಎರಡು ವಾರದಿಂದ ನಮ್ಮಲ್ಲಿಗೆ ಬರುತ್ತಿರುವ ಮಗು.

“ಎರಡು ದಿನ ರಜೆ ಹಾಕಿದ್ರೆ ನಮ್ಮ ಡಾಕ್ಟರು ನನ್ನ ಸುಮ್ನೆ ಬಿಡ್ತಾರಾ? ನಿಮಗೆ ಇನ್ನೇನು ಕಲಿಯೋದಿದೆ ಅಂತ?”

“ನಾನೂ ಅದನ್ನೇ ಕೇಳ್ತಿದೀನಿ,” ಎಂದಳು ಬೋದಿಲ್ ಒಳಗಿನಿಂದ. ಅವಳು ಮೂವತ್ತೊಂದು ವರ್ಷದಿಂದ ಇಲ್ಲಿದ್ದಾಳೆ. ಊರಿನ ಅರ್ಧ ಜನ ಅವಳ ಕೈಯಲ್ಲಿ ಬೆಳೆದವರು. “ಡೈಪರಿಗೆ ಹೊಸದಾಗಿ ಮೂರನೇ ಬದಿ ಏನಾದ್ರೂ ಬಂದಿದೆಯಾ, ದಾಗ್ನಿ?”

ದಾಗ್ನಿ ನಗಲಿಲ್ಲ. “ಮಾರೆನ್, ನಿಮ್ಮ ಕ್ಲಿನಿಕ್ಕಿನವರು ವರ್ಷಕ್ಕೊಂದು ಸಲ ಕಲಿಯೋಕೆ ಹೋಗಲ್ವಾ?”

“ಅದು ಹಲ್ಲು, ಮಾರಾಯ್ತಿ. ಇದು ಮಕ್ಕಳು!”

“ಅದಕ್ಕೇ ಹೋಗ್ಬೇಕು ಅಂತಿರೋದು.”

ಮಾರೆನ್‌ಳ ಕಣ್ಣ ಕೆಳಗೆ ಕಪ್ಪು ಉಂಗುರ. ಮಗುವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ, ಮತ್ತೆ ಹಿಂದಕ್ಕೆ ಬದಲಾಯಿಸುತ್ತಲೇ ಇದ್ದಳು.

“ಇವಳು ಮನೇಲಿ ಮಲಗೋದೇ ಇಲ್ಲ. ಸಂಜೆ ಮನೆಗೆ ಹೋಗೋವಾಗ ಕಾರಲ್ಲೇ ನಿದ್ದೆಗೆ ಬೀಳ್ತಾಳೆ, ಆಮೇಲೆ ಕಿರುಚಾಟ. ಹೀಗೇ ಆದ್ರೆ ನಾನು ಕೆಲಸ ಬಿಡ್ಬೇಕು. ಇಲ್ಲಿ ಮಧ್ಯಾಹ್ನ ಎರಡು ಗಂಟೆ ಮಲಗ್ತಾಳಲ್ಲ, ಅದರಿಂದಾನೇ ಹೀಗಾಗ್ತಿರೋದು. ದಯವಿಟ್ಟು ಅರ್ಧ ಗಂಟೆಗೇ ಎಬ್ಬಿಸಿಬಿಡಿ.”

ಬೋದಿಲ್ ಅಡುಗೆಮನೆ ಗೋಡೆಯ ನಿದ್ದೆಪಟ್ಟಿ ನೋಡಿದಳು. ವಿಗ್ಗಾಳ ಹೆಸರಿನ ಮುಂದೆ ಪ್ರತಿದಿನವೂ ಒಂದೇ ಬರಹ: ಹನ್ನೆರಡರಿಂದ ಎರಡು, ನಿದ್ದೆ. ಹೆಚ್ಚಿನವು ಬೋದಿಲ್‌ಳ ಅಕ್ಷರ. ಎರಡು ದಿನದ್ದು ನನ್ನದು.

“ಪಾಪ, ಚಿನ್ನದಂಥ ಮಗು. ಇಟ್ಟ ಕಡೆ ಇರ್ತಾಳೆ, ಒಂದು ಸದ್ದಿಲ್ಲ. ಈ ವಾರ ಹೀಗೇ ಇರ್ಲಿ. ಮುಂದಿನ ಸೋಮವಾರದಿಂದ ಹನ್ನೆರಡೂವರೆಗೆ ಎಬ್ಬಿಸ್ತೀನಿ,” ಎಂದಳು ಬೋದಿಲ್.

ಗುರುವಾರ ಬೋದಿಲ್ ತರಬೇತಿಗೆ ಬಂದಳು, ಆದರೆ ಕೋಟು ಬಿಚ್ಚಲಿಲ್ಲ. ಹೊರಡಲು ತಯಾರಾದವಳಂತೆ ಕುರ್ಚಿಯ ತುದಿಯಲ್ಲಿ ಕೂತಳು. ಪೆನ್ನು ಒತ್ತುತ್ತಾ ಬಿಡುತ್ತಾ ಇದ್ದಳು. ಟಿಕ್, ಟಿಕ್.

ಕಲಿಸುವವಳು ಹತ್ತು ನಿಮಿಷದ ಒಂದು ಚಿತ್ರ ತೋರಿಸಿದಳು. ಮರಳಿನ ಹೊಂಡದಲ್ಲಿ ಒಂದು ಮಗು ಕೂತಿದೆ. ಅಷ್ಟೇ. “ಕಂಡದ್ದನ್ನು ಬರೆಯಿರಿ,” ಎಂದಳು.

ಬೋದಿಲ್ ಒಂದೇ ಸಾಲು ಬರೆದಳು. ‘ಮಗು ಖುಷಿಯಾಗಿದೆ, ಹಠವಿಲ್ಲ.’

“ಖುಷಿ ನಿನಗೆ ಎಲ್ಲಿ ಕಾಣಿಸ್ತು, ಬೋದಿಲ್? ಕಣ್ಣಲ್ಲಾ? ಕೈಯಲ್ಲಾ?” ಎಂದು ಆಕೆ ಕೇಳಿದಳು.

“ಅಳ್ತಿರ್ಲಿಲ್ಲವಲ್ಲ.”

“ಅಳ್ತಿರ್ಲಿಲ್ಲ ಅನ್ನೋದು ನೀನು ಕಂಡದ್ದು. ಖುಷಿ ಅನ್ನೋದು ನೀನು ಸೇರಿಸಿದ್ದು. ಇನ್ನೊಂದು ಸಲ ನೋಡೋಣ್ವಾ?”

ಎರಡನೇ ಸಲ ನೋಡುವಾಗ ಪೆನ್ನಿನ ಸದ್ದು ನಿಂತಿತು. ಆ ಮಗು ಐದು ನಿಮಿಷ ಒಂದು ಬೆರಳನ್ನೂ ಅಲುಗಾಡಿಸಿರಲಿಲ್ಲ. ಯಾರಾದರೂ ಹತ್ತಿರ ಬಂದಾಗ ಕಣ್ಣು ಮಾತ್ರ ಅವರ ಹಿಂದೆ ಹೋಗುತ್ತಿತ್ತು. ಅವರು ದಾಟಿ ಹೋದ ಮೇಲೆ ಮತ್ತೆ ಮರಳಿಗೆ ಬರುತ್ತಿತ್ತು.

“ಕೆಲವು ಮಕ್ಕಳು ಅಳುತ್ತಾ ಕರೀತಾರೆ. ಕೆಲವರು ಕರೆಯೋದನ್ನೇ ಬಿಟ್ಟಿರ್ತಾರೆ,” ಎಂದಳು ಆಕೆ. “ಎರಡನೆಯವರನ್ನ ನಾವು ಒಳ್ಳೇ ಮಗು ಅಂತೀವಿ. ಸೋಮವಾರ ನಿಮಗೆ ಸ್ವಲ್ಪವೂ ತೊಂದರೆ ಕೊಡದ ಒಂದು ಮಗುವನ್ನ ಆರಿಸ್ಕೊಳ್ಳಿ. ನೋಡಿ. ಬರೀರಿ. ನೀವಾಗಿ ಏನೂ ಸೇರಿಸ್ಬೇಡಿ.”

ಬಿಡುವಿನಲ್ಲಿ ಎಲ್ಲರೂ ಕಾಫಿಗೆ ಹೋದರು. ಬೋದಿಲ್ ಕಾರು ನಿಲ್ಲಿಸುವ ಜಾಗದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ನಾನು ಕಾಫಿ ಕೊಟ್ಟೆ. ಹಿಡಿದುಕೊಂಡಳು, ಕುಡಿಯಲಿಲ್ಲ.

“ಸಾಕಾಯ್ತಾ?” ದಾಗ್ನಿ ಕಿಟಕಿಯಿಂದ ಕೂಗಿದಳು.

“ಬಾಯ್ಮುಚ್ಚು,” ಎಂದಳು ಬೋದಿಲ್.

ಸೋಮವಾರ ಊಟವಾಯಿತು. ಮಕ್ಕಳನ್ನು ಉಣ್ಣೆಯಲ್ಲಿ ಸುತ್ತಿ, ತೊಟ್ಟಿಲುಗಾಡಿಗಳಲ್ಲಿ ಎದೆಪಟ್ಟಿ ಬಿಗಿದು, ಹಿಂದಿನ ಸೂರಿನ ಕೆಳಗೆ ಸಾಲಾಗಿ ನಿಲ್ಲಿಸಿದೆವು. ನಮ್ಮ ಚಳಿನಾಡಿನಲ್ಲಿ ಇದು ರೂಢಿ, ನಾವೆಲ್ಲರೂ ಹಾಗೇ ಹೊರಗಿನ ಗಾಳಿಯಲ್ಲಿ ಮಲಗಿ ದೊಡ್ಡವರಾದವರು. ಹದಿನೈದು ನಿಮಿಷಕ್ಕೊಮ್ಮೆ ಒಬ್ಬರು ಹೋಗಿ ಉಸಿರಿಗೆ ಹೊದಿಕೆ ಏರಿಳಿಯುವುದನ್ನು ನೋಡಿ ಬರುತ್ತೇವೆ. ಏರಿಳಿಯುತ್ತಿದೆ, ಸದ್ದಿಲ್ಲ, ಅಂದರೆ ನಿದ್ದೆ. ಅಂದು ಕೊಲ್ಲಿಯ ಕಡೆಯಿಂದ ಗಾಳಿ ಜೋರಾಗಿತ್ತು. ಎಲ್ಲ ಗಾಡಿಗಳ ಮುಸುಕು ಇಳಿದಿತ್ತು, ಮೇಲೊಂದು ಬಲೆಪರದೆ.

ಬೋದಿಲ್ ಒಂದು ಸ್ಟೂಲು ಎಳೆದುಕೊಂಡು ವಿಗ್ಗಾಳ ಗಾಡಿಯ ಪಕ್ಕ ಕೂತಳು. ಪರದೆಯ ಮೂಲೆಯನ್ನು ಮೆಲ್ಲಗೆ ಎತ್ತಿದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಅವಳು ಬರೆದದ್ದನ್ನು ಆಮೇಲೆ ಓದಿದೆ.

‘ಹನ್ನೆರಡು ಹತ್ತು: ಕಣ್ಣು ತೆರೆದಿದೆ. ಹನ್ನೆರಡೂವರೆ: ಕಣ್ಣು ತೆರೆದಿದೆ. ಎರಡೂ ಕೈ ಎದೆಪಟ್ಟಿ ಹಿಡಿದಿವೆ, ಬೆರಳಗೆಣ್ಣು ಬಿಳಿ. ಒಂದು ಗಂಟೆ: ಕಣ್ಣು ತೆರೆದಿದೆ. ಬಾಗಿಲು ಸದ್ದಾದಾಗ ತಲೆ ತಿರುಗಿಸಿದಳು. ಅಳಲಿಲ್ಲ.’

ಅಲ್ಲಿಗೆ ಬರಹ ನಿಂತಿತ್ತು. ಬೋದಿಲ್ ಮಗುವನ್ನು ಎತ್ತಿಕೊಂಡು ಒಳಗೆ ಬಂದಳು. “ಇವಳು ನಿದ್ದೆ ಮಾಡ್ತಿಲ್ಲ,” ಎಂದಳು. “ಕಾಯ್ತಿದಾಳೆ. ಇವಳನ್ನ ನಾನು ಎಬ್ಬಿಸೋಕೆ ಹೊರಟಿದ್ದೆ.”

ಮಾರೆನ್ ಬರುವುದು ನಾಲ್ಕಕ್ಕೆ. ಅಲ್ಲಿಯವರೆಗೆ ಬೋದಿಲ್ ಒಂದೆಡೆ ಕೂರಲಿಲ್ಲ. ಒರೆಸಿದ ಮೇಜನ್ನೇ ಒರೆಸಿದಳು. ಬೂಟುಗಳನ್ನು ಜೋಡಿಸಿ ಮತ್ತೆ ಜೋಡಿಸಿದಳು.

“ನಾನು ಹೇಳ್ಲಾ?” ಎಂದಳು ದಾಗ್ನಿ.

“ಬೇಡ. ಪಟ್ಟಿ ಬರೆದವಳು ನಾನು.”

ಮಾರೆನ್ ಬಂದಾಗ ಬೋದಿಲ್ ಸುತ್ತಿಬಳಸಲಿಲ್ಲ. “ಮಾರೆನ್, ತಪ್ಪು ನಂದು. ಇವತ್ತು ನಿನ್ನ ಮಗಳು ಒಂದು ನಿಮಿಷವೂ ಮಲಗಿಲ್ಲ. ಇಷ್ಟು ದಿನವೂ ಮಲಗಿರ್ಲಿಕ್ಕಿಲ್ಲ. ಅತಿಯಾಗಿ ಮಲಗಿ ಅಲ್ಲ, ನಿದ್ದೆಗೆಟ್ಟು ಮನೇಲಿ ಕಿರುಚ್ತಿರ್ಬೇಕು.”

“ಮೂರು ವಾರ!” ಮಾರೆನ್ ಮಗುವನ್ನು ಎದೆಗೆ ಒತ್ತಿಕೊಂಡಳು. “ಮೂರು ವಾರ ನೀವೆಲ್ಲ ನೋಡ್ತಿದ್ದದ್ದು ಏನನ್ನ?”

“ಹೊದಿಕೆನ. ಮುಖ ನೋಡ್ಲಿಲ್ಲ.”

ನಾನು ತಲೆ ತಗ್ಗಿಸಿ ನಿಂತಿದ್ದೆ. ಬೋದಿಲ್ ಕೇಳಿದಳು: “ನೀನು ಇವಳನ್ನ ಹೇಗೆ ಮಲಗಿಸ್ತೀಯಾ? ಇಲ್ಲಿಗೆ ಬಂದ ಮೊದಲನೇ ದಿನವೇ ಕೇಳ್ಬೇಕಿತ್ತು. ಈಗ ಕೇಳ್ತಿದೀನಿ.”

ಮಾರೆನ್ ಕಣ್ಣೊರೆಸಿಕೊಂಡಳು. “ಪಕ್ಕದಲ್ಲಿ ಯಾರಾದ್ರೂ ಕಾಣ್ತಿರ್ಬೇಕು. ಮುಖಕ್ಕೆ ಏನೂ ಅಡ್ಡ ಇರ್ಬಾರ್ದು. ಹೊಟ್ಟೆ ಮೇಲೆ ಕೈ ಇಡ್ತೀನಿ.”

ಮರುದಿನ ವಿಗ್ಗಾಳ ಗಾಡಿಯನ್ನು ಗಾಳಿ ತಾಗದ ಮೂಲೆಗೆ ತಂದು, ಮುಸುಕು ಮಡಚಿದೆವು. ಹೊಟ್ಟೆಯ ಮೇಲೆ ಬೋದಿಲ್‌ಳ ಕೈ. ದಿನವೂ ಅದೇ ಕೈ. ಮೊದಲ ದಿನ ಹನ್ನೊಂದು ನಿಮಿಷ ನಿದ್ದೆ. ಎರಡನೆಯ ದಿನ ಅದೂ ಇಲ್ಲ. ಬದಲಿಗೆ ಜೋರಾಗಿ ಅಳು. “ಅಳ್ತಿದಾಳೆ!” ಎಂದು ನಾನು ಗಾಬರಿಯಾದೆ. “ಕರೀತಿದಾಳೆ ಕಣೇ,” ಎಂದಳು ದಾಗ್ನಿ, ಮೊದಲ ಸಲ ನಗುತ್ತಾ. ಎರಡು ವಾರ ಕಳೆಯುವಷ್ಟರಲ್ಲಿ ನಿದ್ದೆ ಒಂದು ಗಂಟೆಯಾಯಿತು. ಮನೆಯ ಕಿರುಚಾಟ ಪೂರ್ತಿ ನಿಂತಿಲ್ಲ. ಆದರೆ ಮಾರೆನ್ ಕೆಲಸ ಬಿಡುವ ಮಾತು ಬಿಟ್ಟಿದ್ದಾಳೆ. “ಇನ್ನೆರಡು ದಿನ ಬೇಕಾದ್ರೂ ಬಾಗಿಲು ಹಾಕಿ, ಕಲಿತು ಬನ್ನಿ. ಇವಳನ್ನ ಇವಳಪ್ಪ ನೋಡ್ಕೊಳ್ತಾನೆ,” ಎಂದು ಮೊನ್ನೆ ಅವಳೇ ಹೇಳಿದಳು.

ಬೋದಿಲ್‌ಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಮೊನ್ನೆ ಪಾತ್ರೆ ತೊಳೆಯುತ್ತಾ ಇದ್ದಕ್ಕಿದ್ದಂತೆ ಕೇಳಿದಳು: “ಮೂವತ್ತೊಂದು ವರ್ಷದಲ್ಲಿ ಇಂಥವರು ಇನ್ನೆಷ್ಟು ಜನ ಇದ್ರೋ?”

ಚಳಿಗಾಲದ ತರಬೇತಿಗೆ ಅವಳೇ ಮೊದಲು ಹೆಸರು ಬರೆಸಿದ್ದಾಳೆ.

ಪುಟ್ಟ ಮಕ್ಕಳ ಜೊತೆ ಕೆಲಸ ಮಾಡುವ ಅಕ್ಕಂದಿರೇ, ನಿಮ್ಮ ಅನುಭವ ದೊಡ್ಡದು. ಆದರೆ ದಿನವೂ ನೋಡುವುದು ಕಣ್ಣಿಗೆ ರೂಢಿಯಾಗಿಬಿಡುತ್ತದೆ. ಮತ್ತೆ ನೋಡುವುದನ್ನು ಕಲಿಯಲು ತರಬೇತಿಗೆ ಹೋಗಿ. ಅಪ್ಪ ಅಮ್ಮಂದಿರೇ, ಆ ಎರಡು ದಿನ ಬಾಗಿಲು ಮುಚ್ಚಿದ್ದರೆ ಬೈಯಬೇಡಿ. ಮತ್ತೆ ಬಾಗಿಲು ತೆರೆದ ದಿನ, ‘ಏನು ಕಲಿತಿರಿ?’ ಎಂದು ಕೇಳಿ. ತರಬೇತಿಗೆ ಇನ್ನೂ ದಿನವಿದ್ದರೆ, ನಾಳೆಯೇ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ನಿಮ್ಮನ್ನು ಕರೆಯದ ಮಗುವಿನ ಹತ್ತಿರ ಹೋಗಿ ಕೂತುಕೊಳ್ಳಿ.