ಕ್ಯಾಪ್ಟನ್ ಶಾಂತಕುಮಾರನ ಕೊನೆಯ ಮಾತು

ವಿಮಾನ ಬಿದ್ದು ಎರಡು ತಿಂಗಳಾದ ಮೇಲೆ ತನಿಖೆಯವರು ಅಮರೇಶಪ್ಪನನ್ನೂ ಸೊಸೆ ಸ್ನೇಹಲತಾಳನ್ನೂ ಶಂಶಾಬಾದಿನ ವಿಮಾನ ನಿಲ್ದಾಣದ ಕಚೇರಿಗೆ ಕರೆಸಿದರು. ಸತ್ತವರು ಮೂವತ್ತೆಂಟು ಮಂದಿ. ವಿಮಾನ ನಡೆಸುತ್ತಿದ್ದ ಕ್ಯಾಪ್ಟನ್ ಶಾಂತಕುಮಾರ ಅಮರೇಶಪ್ಪನ ಒಬ್ಬನೇ ಮಗ.

ಬಿದ್ದ ಮೂರನೆಯ ದಿನಕ್ಕೇ ಟೀವಿಯವರು ಪೈಲಟನ ತಪ್ಪು ಎಂದು ತೀರ್ಪು ಕೊಟ್ಟಿದ್ದರು. ಎರಡನೇ ಕ್ಲಾಸಿನಲ್ಲಿ ಓದುವ ಮೊಮ್ಮಗಳು ಪಿಂಕಿಗೆ ಯಾರೋ ಹುಡುಗಿ, ನಿಮ್ಮಪ್ಪ ಅಷ್ಟು ಜನರನ್ನ ಸಾಯಿಸಿದ ಅಂದಿದ್ದಳು. ಅವತ್ತಿನಿಂದ ಪಿಂಕಿ ಶಾಲೆಯ ಚೀಲ ಮುಟ್ಟಿರಲಿಲ್ಲ. ಮೆಹದಿಪಟ್ಟಣಂನ ಮಗನ ಮನೆಯಲ್ಲಿ ಮೂವರೂ ಬಾಗಿಲು ಹಾಕಿಕೊಂಡು ಕೂತಿದ್ದರು.

ಅಮರೇಶಪ್ಪನಿಗೆ ಇಂಥ ತೀರ್ಪು ಹೊಸದಲ್ಲ. ಸೇಡಂ ಕಡೆ ಮೂವತ್ತು ವರ್ಷ ಖಾಸಗಿ ಬಸ್ಸು ಓಡಿಸಿದವನು. ಒಮ್ಮೆ ಇಳಿಜಾರಿನಲ್ಲಿ ಬ್ರೇಕು ಹತ್ತದೆ ಬಸ್ಸು ಮರಕ್ಕೆ ಗುದ್ದಿ ಇಬ್ಬರು ಹೋದರು. ಎಂಟು ದಿನದಿಂದ ಬ್ರೇಕು ಸರಿ ಇಲ್ಲ, ಸರಿ ಇಲ್ಲ ಎಂದು ಮಾಲೀಕನ ಮುಂದೆ ಬಡಕೊಂಡಿದ್ದ. ಕಾಗದದಲ್ಲಿ ಮಾತ್ರ "ಚಾಲಕನ ನಿರ್ಲಕ್ಷ್ಯ" ಎಂದೇ ಬಂತು. ಹತ್ತಿರದವರೂ ಆ ಕಾಗದವನ್ನೇ ನಂಬಿದರು.

ಬಾಡಿಗೆ ಕಾರಿನಲ್ಲಿ ಹೋಗುವಾಗ ಸೊಸೆಗೆ ಹೇಳಿದ: "ಗಾಡಿ ಕೈಕೊಟ್ರ ಡ್ರೈವರ್ ಏನ್ ಮಾಡ್ತಾನವ್ವಾ? ಆದ್ರ ಗಾಡೀನ ಯಾರೂ ಬೈಯಂಗಿಲ್ಲ."



ತನಿಖಾಧಿಕಾರಿ ಹಿಂದಿಯಲ್ಲಿ ಮೆತ್ತಗೆ ಮಾತಾಡುವ ಮನುಷ್ಯ. ನಡೆದದ್ದನ್ನು ಅವರಿಗೆ ತಿಳಿಯುವಂತೆ ಬಿಡಿಸಿ ಹೇಳಿದ. ವಿಮಾನದ ಮೂತಿಯ ಹತ್ತಿರ ಗಾಳಿಯ ವೇಗ ಅಳೆಯುವ ಸಣ್ಣ ಕೊಳವೆಗಳಿರುತ್ತವೆ. ಕ್ಯಾಪ್ಟನ್ ಕಡೆಯ ಕೊಳವೆಯನ್ನು ಬೆಚ್ಚಗಿಡುವ ತಂತಿ ಸುಟ್ಟುಹೋಗಿತ್ತು. ಮೋಡದೊಳಗೆ ಅದರ ಬಾಯಿಗೆ ಹಿಮ ಕಟ್ಟಿತು. ಶಾಂತಕುಮಾರನ ಮುಂದಿನ ಮುಳ್ಳು ವೇಗ ಮಿತಿಮೀರಿ ಹೆಚ್ಚುತ್ತಿದೆ ಎಂದು ಸುಳ್ಳು ತೋರಿಸಿತು. ವೇಗ ತಗ್ಗಿಸಲು ಕ್ಯಾಪ್ಟನ್ ಮೂತಿ ಮೇಲೆತ್ತಿದರು. ನಿಜವಾದ ವೇಗ ಆಗಲೇ ಕುಸಿಯುತ್ತಿತ್ತು. ಮೂತಿ ಎತ್ತಿದಷ್ಟೂ ಇನ್ನಷ್ಟು ಕುಸಿದು ವಿಮಾನ ಬೀಳತೊಡಗಿತು. ಪಕ್ಕದ ಸೀಟಿನ ಕೋ ಪೈಲಟ್ ಶ್ರವಣ್ ಇಪ್ಪತ್ತಾರರ ಹುಡುಗ. ಅವನ ಮುಂದಿನ ಮುಳ್ಳು ಸರಿಯಾಗಿಯೇ ಇತ್ತು.

"ಅಂದ್ರ ಮಷೀನಿನ ತಪ್ಪು!" ಅಮರೇಶಪ್ಪ ಕುರ್ಚಿಯಿಂದ ಅರ್ಧ ಎದ್ದ.

"ಅದು ಮೊದಲ ತಪ್ಪು," ಅಂದ ಅಧಿಕಾರಿ. "ಆಮೇಲೆ ನಲವತ್ತು ಸೆಕೆಂಡು ಇತ್ತು. ಕೊನೆಯ ತನಕ ಯಾರೋ ಮೂತಿ ಎತ್ತುವ ಹಿಡಿಕೆಯನ್ನು ಹಿಂದಕ್ಕೆ ಎಳೆಯುತ್ತಲೇ ಇದ್ದರು. ಅಲ್ಲಿ ಕ್ಯಾಪ್ಟನ್ ಕನ್ನಡದಲ್ಲಿ ಒಂದು ಮಾತು ಹೇಳಿದ್ದಾರೆ. ಬೆಂಗಳೂರಿನ ಅನುವಾದಕರಿಗೆ ತಿಳಿಯಲಿಲ್ಲ. ನಿಮ್ಮ ಕಡೆಯ ಮಾತಂತೆ. ಅದಕ್ಕೇ ಕರೆಸಿದೆವು."

ಇಬ್ಬರ ಕಿವಿಗೂ ಹೆಡ್‌ಫೋನು ಹಾಕಿ ವಿಮಾನದೊಳಗಿನ ಧ್ವನಿಮುದ್ರಣ ಕೇಳಿಸಿದರು.

ಎಚ್ಚರಿಕೆಯ ಗಂಟೆ ಬಡಿಯುತ್ತಿತ್ತು. ಶ್ರವಣ್ ಇಂಗ್ಲಿಷಿನಲ್ಲಿ ಕೂಗುತ್ತಿದ್ದ: ಸರ್, ನನ್ನ ಕಡೆ ವೇಗ ಇಲ್ಲ, ಮೂತಿ ಇಳಿಸಿ, ಸರ್. ಮತ್ತೆ ಅದನ್ನೇ. ಆಮೇಲೆ ಅಳುವ ದನಿಯಲ್ಲಿ, ಬಿಡಿ ಸರ್, ಬಿಟ್ಟುಬಿಡಿ. ಆಗ ಶಾಂತಕುಮಾರನ ದನಿ ಬಂತು. ಊಟಕ್ಕೆ ಕೂತಾಗ ಅಪ್ಪಾ ಅನ್ನುತ್ತಿದ್ದ ಅದೇ ದನಿ. "ಬಿಡಾ..." ಎಂಬುದಷ್ಟೇ ಸ್ಪಷ್ಟ, ಉಳಿದದ್ದು ಗಂಟೆಯ ಸದ್ದಿನಲ್ಲಿ ಮುಳುಗಿತ್ತು. ಆದರೆ ಆ ಬಾಯಿಗೆ ಮಾತು ಕಲಿಸಿದವನಿಗೆ ಅದು ಮುಳುಗಲಿಲ್ಲ.

ಬಿಡಾಂಗಿಲ್ಲ.

ಬಿಡುವುದಿಲ್ಲ ಅಂದಿದ್ದ. ಅಮರೇಶಪ್ಪ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ.

"ಬಿಡಾಕತ್ತೀನಿ ಅಂದಾನ್ರಿ," ಎಂದ. "ಬಿಡುತ್ತಾ ಇದ್ದೀನಿ ಅಂತ. ಆ ಹುಡುಗ ಬಿಡು ಅಂದ, ನನ್ನ ಮಗ ಬಿಟ್ಟಾನ."

ಅಧಿಕಾರಿ ಬರೆದುಕೊಂಡ. ಬರೆಯುವುದನ್ನು ನಡುವೆ ನಿಲ್ಲಿಸಿ ತಲೆಯೆತ್ತಿದ. "ಇಬ್ಬರ ಹಿಡಿಕೆಗಳೂ ಒಂದಕ್ಕೊಂದು ಕೂಡಿವೆ, ಯಾರು ಎಳೆದರೂ ಎರಡೂ ಸರಿಯುತ್ತವೆ. ಕ್ಯಾಪ್ಟನ್ ಬಿಟ್ಟಿದ್ದರೆ ಎಳೆದವನು ಶ್ರವಣ್ ಅಂತ ಆಗುತ್ತದೆ. ಬಾಯಲ್ಲಿ ಇಳಿಸಿ ಅನ್ನುತ್ತ, ಗಾಬರಿಯಲ್ಲಿ ಕೈಯಿಂದ ಎಳೆದ ಅಂತ." ಸ್ನೇಹಲತಾಳ ಕಡೆ ತಿರುಗಿದ. "ನಿಮಗೂ ಹಾಗೇ ಕೇಳಿಸಿತೇ?"

ತಪ್ಪು ಆ ಹುಡುಗನ ಮೇಲೆ ಬೀಳುತ್ತದೆಂಬುದು ಅಮರೇಶಪ್ಪನ ತಲೆಗೆ ಹೊಳೆದೇ ಇರಲಿಲ್ಲ. ಅವನು ಸೊಸೆಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ತಲೆಯೆತ್ತದೆ, "ಮಾವಾರಿಗೆ ಕೇಳಿಸಿದ್ದೇ ಖರೆ ಇರಬೇಕ್ರಿ," ಎಂದಳು.

ಟೈಪು ಮಾಡಿ ತರುತ್ತೇನೆ, ಸಹಿ ಬೇಕು ಎಂದು ಅಧಿಕಾರಿ ಒಳಗೆ ಹೋದ. ಇವರಿಬ್ಬರೂ ಪಡಸಾಲೆಗೆ ಬಂದು ಬೆಂಚಿನ ಮೇಲೆ ಕೂತರು. ಎದುರು ಬೆಂಚಿನಲ್ಲಿ ಐವತ್ತರ ಒಬ್ಬ ಹೆಂಗಸು. ಕೊರಳಲ್ಲಿ ಜೀಡಿಮೆಟ್ಲಾದ ಯಾವುದೋ ಔಷಧಿ ಫ್ಯಾಕ್ಟರಿಯ ಗುರುತಿನ ಚೀಟಿ. ತೆಗೆಯುವುದನ್ನೇ ಮರೆತು ಬಂದಿದ್ದಳು. ಅವಳು ಎದ್ದು ಬಂದಳು.

"ಕ್ಯಾಪ್ಟನ್ ಸಾರ್ ನಾನ್ನಗಾರಾ?" ತೆಲುಗಿನಲ್ಲಿ ಕೇಳಿದಳು. ಕ್ಯಾಪ್ಟನ್ ಸಾಹೇಬರ ಅಪ್ಪ ನೀವೇನಾ ಎಂದು. "ನಾನು ಜಯಮ್ಮ. ಶ್ರವಣ್ ತಾಯಿ."

ಅಮರೇಶಪ್ಪನಿಗೆ ಎದ್ದು ನಿಲ್ಲಲೂ ಆಗಲಿಲ್ಲ, ಕೂತಿರಲೂ ಆಗಲಿಲ್ಲ.

ಜಯಮ್ಮ ತಡೆದು ತಡೆದು ಮಾತಾಡಿದಳು. ಶಾಂತಕುಮಾರ್ ಸಾರ್ ಜತೆ ಡ್ಯೂಟಿ ಬಿದ್ದ ದಿನ ಮಗ ಫೋನು ಮಾಡಿ, ಅಮ್ಮಾ ಇವತ್ತು ಹೆದರಬೇಡ ಅನ್ನುತ್ತಿದ್ದನಂತೆ. ಈಗ ಓಣಿಯವರು, ಹೊಸ ಹುಡುಗ, ಅವನೇ ಏನೋ ಮಾಡಿರಬೇಕು ಅನ್ನುತ್ತಾರಂತೆ. "ನನಗೆ ಏನೂ ತಿಳಿಯದು ಸಾರ್. ನನ್ನ ಮಗನಿಂದ ತಪ್ಪಾಗಿದ್ದರೆ ಕ್ಷಮಿಸಿಬಿಡಿ. ನಿಮ್ಮ ಮಗನೂ ಹೋದ," ಎನ್ನುತ್ತ ಬಗ್ಗಿ ಅವನ ಕಾಲು ಮುಟ್ಟಿದಳು.

ಅಮರೇಶಪ್ಪ ಕಾಲು ಹಿಂದಕ್ಕೆಳೆದುಕೊಂಡ. ಗೋಡೆ ಹಿಡಿದು ಎದ್ದು ಅಧಿಕಾರಿಯ ಕೋಣೆಯ ಬಾಗಿಲ ಕಡೆ ನಡೆದ.

"ಮಾವಾರೆ," ಸ್ನೇಹಲತಾ ಅವನ ತೋಳು ಹಿಡಿದಳು. ಸಣ್ಣ ದನಿಯಲ್ಲಿ, "ಬ್ಯಾಡ್ರಿ. ಪಿಂಕಿ ಮಾರಿ ನೆನಸ್ಕೋರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಒಬ್ಬಾಕಿ ಬಿದ್ದಾಳವ್ವಾ. ಅದೇ ತಡಕೊಳ್ಳಾಕ ಆಗವಲ್ದು."

ತೋಳು ಬಿಡಿಸಿಕೊಂಡು ಒಳಗೆ ಹೋದ. "ನಾ ಸುಳ್ಳು ಹೇಳೀನಿ ಸಾಹೇಬ್ರ. ಬಿಡಾಂಗಿಲ್ಲ ಅಂದಾನ. ಬಿಟ್ಟಿಲ್ಲ ನನ್ನ ಮಗ." ಅಷ್ಟು ಹೇಳಿ ಮೇಜಿಗೆ ಹಣೆ ಹಚ್ಚಿ ಅತ್ತ. ಅಧಿಕಾರಿ ಮೊದಲಿನ ಹಾಳೆ ಹರಿದು, ಹೊಸ ಹಾಳೆ ತರಿಸಿ, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ.

ಮನೆಗೆ ಬಂದ ಮೇಲೆ ಸ್ನೇಹಲತಾ ಮಾವನ ಜತೆ ಮಾತು ಬಿಟ್ಟಳು. ಊಟಕ್ಕೆ ಬಡಿಸುವಳು, ಎದ್ದು ಹೋಗುವಳು. ಹತ್ತನೆಯ ದಿನ ತಾಟು ಇಡುತ್ತ, "ಖರೆ ಹೇಳಿ ನೀವು ಹಗುರಾದ್ರಿ. ನನ್ನ ಗಂಡನ್ನ ಅಲ್ಲೇ ಕೊಟ್ಟು ಬಂದ್ರಿ," ಎಂದಳು. ಅಂದು ಅವನು ಉಣ್ಣಲಿಲ್ಲ.

ವರದಿ ಮಳೆಗಾಲ ಮುಗಿದ ಮೇಲೆ ಬಂತು. ನೂರ ಹನ್ನೆರಡು ಪುಟ. ಕೊಳವೆಯ ತಂತಿ ಸುಟ್ಟಿದೆ ಎಂಬ ದೂರು ಮೂರು ದಿನ ಮೊದಲೇ ಕಂಪನಿಯ ಪುಸ್ತಕದಲ್ಲಿ ದಾಖಲಾಗಿತ್ತು, ರಿಪೇರಿ ಮುಂದಕ್ಕೆ ಹಾಕಿದ್ದರು. ಅದನ್ನೂ ಬರೆದಿದ್ದರು. ಕ್ಯಾಪ್ಟನ್ ಸುಳ್ಳು ಮುಳ್ಳನ್ನು ನಂಬಿ, ಸಹಾಯಕನ ಎಚ್ಚರಿಕೆ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೂ ಬರೆದಿದ್ದರು. ಮರುದಿನ ಪತ್ರಿಕೆಯಲ್ಲಿ ಬಂದದ್ದು ಎರಡನೆಯದು ಮಾತ್ರ.

ಪಿಂಕಿಯನ್ನು ಬೇರೆ ಶಾಲೆಗೆ ಹಾಕಿದ್ದರು. ಅವಳನ್ನು ಕರೆತರುವುದು ಅಮರೇಶಪ್ಪನ ಕೆಲಸ. ಒಂದು ಮಧ್ಯಾಹ್ನ ಸಿಟಿ ಬಸ್ಸಿನಲ್ಲಿ ಕೂತಾಗ ಅವಳು ತಾನಾಗಿಯೇ ಕೇಳಿದಳು.

"ತಾತಾ, ತಪ್ಪು ಅಪ್ಪಂದಾ, ವಿಮಾನದ್ದಾ?"

"ವಿಮಾನ ಕೆಟ್ಟಿತ್ತವ್ವಾ. ಕೆಟ್ಟದ್ದು ಅಪ್ಪಗ ತಿಳೀಲಿಲ್ಲ. ಪಕ್ಕದಾಂವ ಹೇಳಿದ್ರೂ ಕೇಳಲಿಲ್ಲ."

"ಯಾಕ ಕೇಳಲಿಲ್ಲ?"

ಇಳಿಜಾರಿನಲ್ಲಿ ತನ್ನ ಬಸ್ಸು ಓಡುತ್ತಿದ್ದಾಗ ಕಂಡಕ್ಟರ್ ಏನು ಕೂಗಿದ್ದ ಎಂದು ಅಮರೇಶಪ್ಪನಿಗೆ ಇಂದಿಗೂ ಗೊತ್ತಿಲ್ಲ.

"ಅಂಜಿಕಿ ಬಂದಾಗ ಕೈ ಏನು ಹಿಡಿದಿರ್ತದೋ ಅದನ್ನ ಬಿಡಾಂಗಿಲ್ಲವ್ವಾ," ಎಂದ.

ಪಿಂಕಿ, ಹಾಗಾದರೆ ಅಪ್ಪನಿಗೆ ಬಹಳ ಅಂಜಿಕೆ ಆಗಿತ್ತಾ ಎಂದು ಕೇಳಿದಳು. ಅಮರೇಶಪ್ಪ ಅವಳ ಚೀಲವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದು ಕೂತ.