ಗುಂಡು ಹಾರಿಸದ ಆಟ

1989ನೆಯ ಇಸವಿ ಜುಲೈ 15, ಶನಿವಾರ ಸಂಜೆ ಐದೂ ಮುಕ್ಕಾಲಕ್ಕೆ ಚೆನ್ನಿಯಪ್ಪನ ಮೂರನೆಯ, ಕೊನೆಯ ರಾಕೆಟ್ ಒಡೆದಾಗ ಪರದೆಯ ಮೇಲೆ ನಿಂತ ಸಂಖ್ಯೆ 2,140. ಏಳು ವರ್ಷಗಳ ಹಿಂದೆ ಇದೇ ತಿರುಪ್ಪೂರಿನಲ್ಲಿ, ಇದೇ ವಿಡಿಯೋ ಆಟದ ಯಂತ್ರದಲ್ಲಿ, ಇದೇ ಕೈಗಳು ತೆಗೆದಿದ್ದ ಸಂಖ್ಯೆ 38,460. ಒಂದನ್ನು ಇನ್ನೊಂದರಿಂದ ಭಾಗಿಸಲು ಪೆರಿಯಸಾಮಿಗೆ ಕಾಗದ ಬೇಕಾಗಲಿಲ್ಲ. ಹದಿನೆಂಟರಲ್ಲಿ ಒಂದು ಪಾಲು. ಮಿಕ್ಕಿದ್ದು ಗಣನೆಗೆ ಬಾರದಷ್ಟು. ಹದಿಮೂರನೆಯ ವಯಸ್ಸಿನಲ್ಲಿ ಕೂಡಿದ ಕೈಚಳಕ ಇಪ್ಪತ್ತಕ್ಕೆ ಇಷ್ಟು ಇಳಿಯುವುದಿಲ್ಲ. ಬೇಕೆಂದು ಇಳಿಸಿದರೆ ಇಳಿಯುತ್ತದೆ. ಇಳಿಸುವವನಿಗೆ ಒಂದು ಕಾರಣ ಇರಲೇಬೇಕು.

"ನಂದು ಮುಗೀತು ಅಣ್ಣ. ನಿನ್ನ ಮುರೆ," ಎಂದು ಚೆನ್ನಿಯಪ್ಪನ್ ಪಕ್ಕಕ್ಕೆ ಸರಿದು ನಿಂತ. ಮುಖದಲ್ಲಿ ಸೋತ ಕಳೆ ಇರಲಿಲ್ಲ. ಪೆರಿಯಸಾಮಿ ಅದನ್ನೂ ಗಮನಿಸಿದ.

ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಪೆರಿಯಸಾಮಿ ಒಂದು ವರ್ಷಕ್ಕೆ ಹಿರಿಯ. ಬನಿಯನ್ ಕಂಪನಿಯೊಂದರಲ್ಲಿ ಗುಮಾಸ್ತ. ಚೆನ್ನಿಯಪ್ಪನ್ ಹೆಣಿಗೆ ಯಂತ್ರಗಳನ್ನು ಬಿಚ್ಚಿ ರಿಪೇರಿ ಮಾಡುವ ಮೆಕ್ಯಾನಿಕ್. ಇಬ್ಬರಿಗೂ ತಂದೆಯಿಲ್ಲ. ಕುನ್ನತ್ತೂರಿನ ಹತ್ತಿರ ಅವರವರ ಹೆಸರಿನಲ್ಲಿ ಮೂರು ಮೂರು ಎಕರೆ ಜಮೀನಿತ್ತು. ಬಾವಿ ಮಾತ್ರ ಒಂದೇ. ಎಂಟು ದಿನದ ಸರದಿಯಲ್ಲಿ ನಾಲ್ಕು ದಿನ ಈ ಮನೆಯ ನೀರು, ನಾಲ್ಕು ದಿನ ಆ ಮನೆಯ ನೀರು. ಆ ಸರದಿಗೆ ಅವರ ಮನೆಮಾತಿನಲ್ಲಿ ಮುರೆ ಎಂದು ಹೆಸರು. ಹುಡುಗರಾಗಿದ್ದಾಗ ಅದೇ ಹೆಸರನ್ನು ಅವರು ಈ ಯಂತ್ರಕ್ಕೂ ತಂದರು. ಇಬ್ಬರು ಆಡುವಾಗ ಒಬ್ಬನ ರಾಕೆಟ್ ಒಡೆದರೆ ಮಾತ್ರ ಇನ್ನೊಬ್ಬನಿಗೆ ಮುರೆ ಬರುತ್ತಿತ್ತು.

ಆಗ ಚೆನ್ನಿಯಪ್ಪನ್ ರಾಕೆಟ್ ಒಡೆಯಲು ಬಿಡುತ್ತಿರಲಿಲ್ಲ. ಒಂದೇ ರಾಕೆಟ್ಟಿನಲ್ಲಿ ನಲವತ್ತು ನಿಮಿಷ ನಿಲ್ಲುತ್ತಿದ್ದ. ಗುಂಡಿಯನ್ನು ಒತ್ತಿ ಒತ್ತಿ ಹೆಬ್ಬೆರಳಿನ ಚರ್ಮ ಸುಲಿದಿತ್ತು. ಬಂದ ಸಂಖ್ಯೆಯನ್ನು ಊರಿಗೆ ಹೋದಕೂಡಲೇ ಸುಣ್ಣದ ಕಲ್ಲಿನಿಂದ ದನದ ಕೊಟ್ಟಿಗೆಯ ಗೋಡೆಗೆ ಬರೆಯುತ್ತಿದ್ದ. ಪೆರಿಯಸಾಮಿಗೆ ಸಂಖ್ಯೆ ಬೇಕಿರಲಿಲ್ಲ. ರಾಕೆಟ್ ಒಡೆಯುವಾಗ ಬರುವ ಸದ್ದು ಅವನಿಗೆ ಇಷ್ಟ. ನಗುತ್ತಾ ಹೋಗಿ, ಪರದೆಯ ಮೇಲಿನಿಂದ ಎರಗುವ ಬಣ್ಣದ ಹುಳುಗಳ ನಡುವೆ ನುಗ್ಗಿ, ಒಡೆಸಿಕೊಂಡು, ಇನ್ನೂ ಜೋರಾಗಿ ನಗುತ್ತಿದ್ದ. ಈಗ ಸಂಖ್ಯೆಯನ್ನು ನೋಡುತ್ತಿದ್ದವನು ಅವನೊಬ್ಬನೇ.

ನೋಡಲು ಕಾರಣವಿತ್ತು. ಹಿಂದಿನ ವಾರ ಚೆನ್ನಿಯಪ್ಪನ್ ಒಂದು ಮಾತು ಮುಂದಿಟ್ಟಿದ್ದ. ಪೆರಿಯಸಾಮಿಯ ಜಮೀನಿನಲ್ಲಿ ರಸ್ತೆಗೆ ಹೊಂದಿಕೊಂಡಿರುವ ಇಪ್ಪತ್ತು ಸೆಂಟು ಒಣಭೂಮಿಯನ್ನು ತನಗೆ ಬಿಟ್ಟುಕೊಡಬೇಕು. ಬದಲಿಗೆ ತನ್ನ ನಾಲ್ಕು ದಿನದ ನೀರನ್ನು ಶಾಶ್ವತವಾಗಿ ಬರೆದುಕೊಡುತ್ತೇನೆ ಎಂದಿದ್ದ. ಅವನ ಹೊಲಕ್ಕೆ ರಸ್ತೆಯಿಲ್ಲ; ಬೇಸಾಯ ಬಿಟ್ಟು ಅಲ್ಲಿ ಒಂದು ಶೆಡ್ ಹಾಕಿ, ಹಳೆಯ ಹೆಣಿಗೆ ಯಂತ್ರವೊಂದನ್ನು ಸ್ವಂತಕ್ಕೆ ಓಡಿಸುವುದು ಅವನ ಉದ್ದೇಶ. ಯಂತ್ರ ಮಂಗಳವಾರ ಬರುತ್ತದೆ. ಸೋಮವಾರ ಮಧ್ಯಾಹ್ನ ಮೂರರೊಳಗೆ ಕುನ್ನತ್ತೂರಿನ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಆಗದಿದ್ದರೆ, ಮಂಡಿ ವ್ಯಾಪಾರಿ ಕುಪ್ಪುಸಾಮಿಗೆ ಬಾವಿಯ ಪಾಲಿನೊಂದಿಗೆ ಮೂರು ಎಕರೆಯನ್ನೂ ಮಾರಿ, ಆ ಹಣದಿಂದ ಬೇರೆ ಕಡೆ ಜಾಗ ಹಿಡಿಯುತ್ತೇನೆ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ್ದ. ದಾಯಾದಿಗೆ ಮೊದಲು ಹೇಳಬೇಕು, ಹೇಳಿದ್ದೇನೆ, ಎಂದಿದ್ದ.

ಎಂಟು ದಿನದ ನೀರೂ ತಮ್ಮದಾದರೆ ಮೂರು ಎಕರೆಗೂ ಅರಿಶಿನ ಹಾಕಬಹುದು. ಪೆರಿಯಸಾಮಿಯ ತಾಯಿ ರಾಮಾತಾಳ್ ಮದುವೆಯಾಗಿ ಬಂದ ದಿನದಿಂದ ಬಯಸಿದ್ದು ಅದನ್ನೇ. ಅಂಥದ್ದನ್ನು ಒಬ್ಬ ದಾಯಾದಿ ತಾನಾಗಿ ಬಂದು, ಕಲ್ಲುಭೂಮಿಗೆ ಬದಲಾಗಿ ಕೊಡುತ್ತೇನೆ ಎನ್ನುತ್ತಾನೆ. ಮೇಲಾಗಿ ಸಹಿಗೆ ಎರಡು ದಿನ ಮುಂಚೆ, "ಬಾ ಅಣ್ಣ, ಹಳೇ ರಾಕೆಟ್ ಮೆಷಿನ್ ಇನ್ನೂ ಅಲ್ಲೇ ಅದೆ," ಎಂದು ಕರೆದುಕೊಂಡು ಬಂದು ಸೋಲುತ್ತಾನೆ.

ಸೋಲುವವರನ್ನು ಪೆರಿಯಸಾಮಿ ಕಂಪನಿಯಲ್ಲಿ ಕಂಡಿದ್ದ. ನೂಲಿನ ಏಜೆಂಟ್ ದರ ಗೊತ್ತುಮಾಡುವ ಹಿಂದಿನ ದಿನ ಮ್ಯಾನೇಜರನೊಂದಿಗೆ ರಮ್ಮಿ ಆಡಲು ಕೂರುತ್ತಾನೆ, ಒಳ್ಳೆಯ ಎಲೆ ಇದ್ದರೂ ಸೋಲುತ್ತಾನೆ. ಗೆದ್ದ ಖುಷಿಯಲ್ಲಿ ಮ್ಯಾನೇಜರ್ ಮರುದಿನ ದರವನ್ನು ಕಣ್ಣುಮುಚ್ಚಿ ಒಪ್ಪುತ್ತಾನೆ. ಆ ದರದ ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆಯುವವನು ಪೆರಿಯಸಾಮಿ.

ಆದ್ದರಿಂದ ಅವನು ಒಂದು ಪರೀಕ್ಷೆ ಹೂಡಿದ. ಮತ್ತೊಂದು ಆಟಕ್ಕೆ ಕಾಸು ಹಾಕಿ ತಾನೇ ಬೇಕೆಂದು ಸೋಲತೊಡಗಿದ. ಎದುರಿಗಿರುವವನು ಸೋಲಲೆಂದೇ ಬಂದಿದ್ದರೆ ಇನ್ನೂ ಕೆಳಗಿಳಿಯಬೇಕು; ಇಳಿದರೆ ಕಳ್ಳತನ ಸಿಕ್ಕಿತು.

ಯಂತ್ರದ ಒಡತಿ ಶಿವಗಾಮಿ ಸೋಡಾ ಬಾಟಲಿಗಳ ಹಿಂದೆ ಕುಳಿತು ನೋಡುತ್ತಿದ್ದಳು. ನೇಕಾರರ ಮನೆಯ ಹೆಂಗಸು; ಅವಳ ಮನೆಮಾತೂ ಕನ್ನಡ.

"ಏನ್ರಪ್ಪ, ಇಬ್ರೂ ಸೋಲಕ್ಕೇ ಕಾಸು ಕೊಟ್ಟಂಗದೆ. ಎಳೇ ಮಕ್ಕಳು ನಿಮಗಿಂತ ಚೆಂದಾಗಿ ಆಡ್ತವೆ."

"ನಾವು ಮುದುಕರಾಗ್ಬಿಟ್ವು ಅಕ್ಕ," ಎಂದ ಚೆನ್ನಿಯಪ್ಪನ್.

"ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಮುದುಕನಂತೆ."

ಪೆರಿಯಸಾಮಿಗೆ ಬಂದದ್ದು 310. ಚೆನ್ನಿಯಪ್ಪನಿಗೆ 1,980. ಇನ್ನೂ ಕೆಳಗಿಳಿಯಬೇಕಾದವನು ಇಳಿದಿರಲಿಲ್ಲ. ಹಾಗಾದರೆ ಅನುಮಾನ ತಪ್ಪಿರಬೇಕು. ಅಥವಾ, ಪರೀಕ್ಷೆ ನಡೆಯುತ್ತಿದೆ ಎಂದು ಅವನಿಗೆ ಗೊತ್ತಾಗಿರಬೇಕು. ಪೆರಿಯಸಾಮಿ ಎರಡನೆಯದನ್ನು ಆರಿಸಿಕೊಂಡ.

"ಚೆನ್ನಿ, ನಿಜ ಹೇಳು. ಯಾಕ್ಡಾ ಹಿಂಗೆ ಆಡ್ತಿದ್ದೀಯ? ಮೊದಲ್ನೇ ರಾಕೆಟ್ ಒಡೆದ್ಮೇಲೆ ನೀನು ಗುಂಡೇ ಬಿಡ್ತಿಲ್ಲ."

"ನೋಡಿದ್ಯಾ ನೀನು?" ಚೆನ್ನಿಯಪ್ಪನ ಮುಖ ಅರಳಿತು. "ಅಲ್ಲಿ ಮೇಲಿನ ಸಾಲಲ್ಲಿ ನಾಲ್ಕು ಹಳದಿ ಹುಳ ಅದಾವಲ್ಲ. ನಾವು ಗುಂಡು ಬಿಟ್ರೆ ತಾನೆ ಅವು ನಮ್ಮ ಮೇಲೆ ಬೀಳೋದು? ಎಡಮೂಲೆ ಸೇರ್ಕೊಂಡು ಒಂದೂ ಬಿಡ್ದೇ ಇದ್ರೆ ಆ ನಾಲ್ಕೂ ಇಳಿಯಲ್ಲ. ಮಿಕ್ಕಿದ್ದವು ಬರ್ತವೆ, ಅವುನ್ನ ತಪ್ಪಿಸ್ಕೊಂಡ್ರೆ ಆಯ್ತು. ಆ ನಾಲ್ಕು ಮಾತ್ರ ಅಲ್ಲೇ ನಿಂತು ರೆಕ್ಕೆ ಆಡಿಸ್ತಾ ಇರ್ತವೆ."

"ಅದ್ರಿಂದ ನಂಬರು ಬರುತ್ತಾ?"

"ಬರಲ್ಲ."

"ಮತ್ತೆ ಯಾಕೆ ಕಾಸು ಹಾಕೋದು?"

"ನೋಡಕ್ಕೆ. ಆವಾಗ ನಂಬರಿಗೆ ಸಾಯ್ತಿದ್ದೆ ಅಣ್ಣ. ಈಗ ನಂಬರು ಕಂಡ್ರೆ ಏನೂ ಆಗಲ್ಲ. ಇದು ಒಳಗೆ ಹೆಂಗೆ ಓಡ್ತದೆ, ಯಾರು ಯಾವಾಗ ಇಳೀತಾರೆ, ಅದು ಗೊತ್ತಾಗ್ಬೇಕು. ಮೆಷಿನ್ ಬಿಚ್ಚೋ ಕೈ ಅಲ್ವಾ." ಸ್ವಲ್ಪ ತಡೆದು, "ನೀನು ಆಡೋದು ನೋಡಕ್ಕೂ ಚೆಂದ," ಎಂದು ಸೇರಿಸಿದ.

ಕಾಸು ಕೊಟ್ಟು ಗುಂಡು ಹಾರಿಸದೆ ನಿಲ್ಲುವವನು ಲೋಕದಲ್ಲಿದ್ದಾನೆಂದು ಪೆರಿಯಸಾಮಿ ನಂಬಲಿಲ್ಲ. ಕೊನೆಯ ಮಾತು ಅವನಿಗೆ ಏಜೆಂಟನ ನಗುವಿನಂತೆ ಕೇಳಿಸಿತು. ನಾಲ್ಕು ಹಳದಿ ಹುಳುಗಳ ಕಥೆ ಆಗಿಂದಾಗ ಕಟ್ಟಿದ್ದು ಎಂದೇ ಅವನು ತೀರ್ಮಾನಿಸಿದ.

ಭಾನುವಾರ ಊರಿಗೆ ಹೋದಾಗ ಅನುಮಾನಕ್ಕೆ ಇನ್ನಷ್ಟು ಬಲ ಬಂತು. ಅಂದಿನಿಂದ ಬುಧವಾರದವರೆಗೆ ಚೆನ್ನಿಯಪ್ಪನ ಮುರೆ. ಆದರೆ ನೀರು ಹರಿಯುತ್ತಿದ್ದದ್ದು ರಾಮಾತಾಳ್ ಹೊಲದಲ್ಲಿ. ಅವಳು ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಮಡೆಯನ್ನು, ಅಂದರೆ ಕಾಲುವೆಯ ಬಾಯನ್ನು, ತಿರುಗಿಸುತ್ತಿದ್ದಳು.

"ಯಾರವ್ವ ಬಿಟ್ಟಿದ್ದು?"

"ಚೆನ್ನಿ ಕಣೋ ಸಾಮಿ. ನಾಳೆ ಹೆಂಗೂ ಬರ್ಕೊಡ್ತೀನಿ, ಇವತ್ತಿಂದ್ಲೇ ಬಿಟ್ಕೊ ದೊಡ್ಡವ್ವ ಅಂದ. ಅರಿಶಿನದ ಗಡ್ಡೆ ತರ್ಸಕ್ಕೂ ಹೇಳ್ಬಿಟ್ಟೆ."

"ಸಹಿ ಆಗೋ ಮುಂಚೆ ಯಾರಾದ್ರೂ ನೀರು ಬಿಡ್ತಾರಾ?"

"ನಿಮ್ಮಪ್ಪ ಇದ್ದಿದ್ರೆ ನಿನ್ನ ಕೇಳ್ತಿದ್ರು, ಬಿಟ್ಟ ನೀರನ್ನ ಯಾರಾದ್ರೂ ಮೂಸಿ ನೋಡ್ತಾರಾ ಅಂತ." ರಾಮಾತಾಳ್ ಗುದ್ದಲಿಯಿಂದ ಒಂದು ಹೆಂಟೆ ಎತ್ತಿ ಮಡೆಗೆ ಹಾಕಿದಳು. "ನಾಳೆ ಮೂರು ಗಂಟೆಗೆ ಅಲ್ಲಿರು. ಬೇರೆ ಏನೂ ನಾನು ಕೇಳಲ್ಲ."

ಇದು ಗಾಳಕ್ಕೆ ಸಿಕ್ಕಿಸಿದ ಹುಳು ಎಂದು ಪೆರಿಯಸಾಮಿಗೆ ಅನ್ನಿಸಿತು. ಟೀ ಅಂಗಡಿಯಲ್ಲಿ ವಿಚಾರಿಸಿದ: ರಸ್ತೆ ಅಗಲ ಮಾಡುವ ಸುದ್ದಿ ಉಂಟೆ? ಇಲ್ಲ. ಮಿಲ್ಲು ಬರುತ್ತದೆಯೆ? ಯಾರೂ ಕೇಳಿರಲಿಲ್ಲ. ಯಾರಿಗೂ ಗೊತ್ತಿಲ್ಲದಷ್ಟು ಗುಟ್ಟಾಗಿದೆ ಎಂದುಕೊಂಡು ಅವನು ಕೊನೆಯ ಬಸ್ಸಿನಲ್ಲಿ ತಿರುಪ್ಪೂರಿಗೆ ಮರಳಿದ.

ಸೋಮವಾರ ಅರ್ಧ ದಿನದ ರಜೆ ಹಾಕಿ ಹನ್ನೆರಡಕ್ಕೆ ಬಸ್ ನಿಲ್ದಾಣದ ಹತ್ತಿರ ಬಂದ. ಕುನ್ನತ್ತೂರಿನ ಬಸ್ಸು ಹನ್ನೆರಡು ಇಪ್ಪತ್ತಕ್ಕೆ. ದಾರಿ ಒಂದು ಗಂಟೆ ಹತ್ತು ನಿಮಿಷ. ಒಂದೂವರೆಗೆ ಅಲ್ಲಿ, ಮೂರಕ್ಕೆ ಸಹಿ. ಕಾಲ ಧಾರಾಳವಾಗಿತ್ತು. ಶಿವಗಾಮಿಯ ಅಂಗಡಿ ಎದುರಿಗೇ ಇತ್ತು. ಆಗ ಅವನಿಗೆ ಹೊಳೆಯಿತು: ಚೆನ್ನಿಯಪ್ಪನ ಮಾತುಗಳಲ್ಲಿ ಪರೀಕ್ಷಿಸಲು ಸಾಧ್ಯವಿರುವುದು ಒಂದೇ ಒಂದು. ಅದು ಸುಳ್ಳಾದರೆ ಮಿಕ್ಕಿದ್ದೂ ಸುಳ್ಳು. ನಿಜವಾದರೆ, ಸಹಿ ಹಾಕಬಹುದು.

ಕಾಸು ಹಾಕಿದ. ಎಡಮೂಲೆಗೆ ಸರಿದ. ಮೊದಲ ಸಲ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿಬಿಟ್ಟಿತು. ಹಳದಿ ಹುಳುಗಳು ನಾಲ್ಕೂ ಒಟ್ಟಿಗೆ ಎರಗಿದವು. ಆ ಆಟ ಲೆಕ್ಕಕ್ಕಿಲ್ಲ. ಎರಡನೆಯ ಆಟದಲ್ಲಿ ಕೈಯನ್ನು ಗುಂಡಿಯಿಂದ ದೂರವಿಟ್ಟ. ಹಸಿರು ಹುಳುಗಳು ಬಂದವು, ಕೆಂಪು ಹುಳುಗಳು ಬಂದವು, ಅವನು ತಪ್ಪಿಸಿಕೊಂಡ. ಮೇಲಿನ ಸಾಲಿನ ನಾಲ್ಕು ಇಳಿಯಲಿಲ್ಲ. ಅವನು ಎಣಿಸಿದ. ಇನ್ನೂರರವರೆಗೆ ಎಣಿಸಿದರೂ ಅವು ರೆಕ್ಕೆ ಆಡಿಸುತ್ತಾ ಅಲ್ಲೇ ಇದ್ದವು.

"ಏನಪ್ಪ ನೀನು," ಎಂದಳು ಶಿವಗಾಮಿ, "ಗುಂಡು ಬಿಡಕ್ಕೆ ಬೇರೆ ಕಾಸು ಕೇಳಲ್ಲ ನಾನು. ಸುಮ್ನೆ ಬಿಡು."

ಒಂದು ಸಲ ನಿಂತದ್ದು ಆಕಸ್ಮಿಕ ಇರಬಹುದು. ಮೂರು ಸಲ ಒಂದೇ ಉತ್ತರ ಬಂದರೆ ಮಾತ್ರ ಉತ್ತರ ಸರಿ. ಶಾಲೆಯಲ್ಲಿ ಕಲಿತದ್ದೂ, ಕಂಪನಿಯಲ್ಲಿ ಹೊಟ್ಟೆ ಹೊರೆದದ್ದೂ ಆ ನಿಯಮದಿಂದಲೇ. ಮತ್ತೆ ಹಾಕಿದ. ಮತ್ತೆ ಹಾಕಿದ. ಮೂರು ಸಲವೂ ನಾಲ್ಕು ಹುಳುಗಳು ನಿಂತೇ ಇದ್ದವು. ಯಾರಿಗೂ ಕೇಡು ಬಗೆಯದೆ, ಯಾವುದೋ ಮೊಳೆಗೆ ತೂಗುಹಾಕಿದ ದೀಪಗಳಂತೆ ಕಂಡವು. ಅವುಗಳನ್ನು ನೋಡುತ್ತಾ ನಿಲ್ಲುವುದು ಚೆನ್ನಾಗಿತ್ತು ಎಂಬುದನ್ನು ಅವನು ಒಪ್ಪಿಕೊಳ್ಳಬೇಕಾಯಿತು. ಚೆನ್ನಿಯಪ್ಪನ್ ನಿಜ ಹೇಳಿದ್ದ.

ಹೊರಗೆ ಬಂದಾಗ ಹನ್ನೆರಡು ಇಪ್ಪತ್ತಾರು. ಬಸ್ಸು ಹೋಗಿಯಾಗಿತ್ತು. ಮುಂದಿನದು ಒಂದು ಐವತ್ತೈದಕ್ಕೆ. ಒಂದು ಐವತ್ತೈದಕ್ಕೆ ಒಂದು ಗಂಟೆ ಹತ್ತು ನಿಮಿಷ ಕೂಡಿಸಿದರೆ ಮೂರು ಐದು. ನಿಲ್ದಾಣದಿಂದ ಆಫೀಸಿಗೆ ನಡಿಗೆ ಎಂಟು ನಿಮಿಷ. ಬೇರೆ ಗಾಡಿ ಸಿಗುವುದೇ ಎಂದು ರಸ್ತೆಯ ಬದಿಯಲ್ಲಿ ಕೈ ಒಡ್ಡಿ ನಿಂತ. ನೂಲು ತುಂಬಿದ ಲಾರಿಗಳು ಯಾವುವೂ ನಿಲ್ಲಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೂ ಅದೇ ಕೂಡುವ ಲೆಕ್ಕವನ್ನು ಅವನು ಹಲವು ಸಲ ಮಾಡಿದ. ಮೊತ್ತ ಬದಲಾಗಲಿಲ್ಲ.

ಮೂರು ಹದಿಮೂರಕ್ಕೆ ಆಫೀಸಿನ ಜಗಲಿಯಲ್ಲಿ ಪತ್ರ ಬರೆಯುವವನೊಬ್ಬನೇ ಕುಳಿತಿದ್ದ. ನಿಮ್ಮ ತಮ್ಮ ಹನ್ನೊಂದರಿಂದ ಕಾದಿದ್ದ, ಮೂರು ಐದಕ್ಕೆ ಎದ್ದು ಕುಪ್ಪುಸಾಮಿಯ ಮಂಡಿಗೆ ಹೋದ, ಎಂದು ಅವನು ತಿಳಿಸಿದ. ಪೆರಿಯಸಾಮಿ ಅಲ್ಲಿಗೆ ಓಡಿದ. ತಟ್ಟೆಯಲ್ಲಿ ವೀಳ್ಯದೆಲೆ ಇತ್ತು; ಕುಪ್ಪುಸಾಮಿ ಕೊಟ್ಟ ಮುಂಗಡ ಚೆನ್ನಿಯಪ್ಪನ ಅಂಗಿಯ ಜೇಬಿನಲ್ಲಿತ್ತು. ಎಲೆ ಬದಲಾದ ಮೇಲೆ ಮಾತು ಹಿಂದೆಗೆಯುವ ಪದ್ಧತಿ ಆ ಕಡೆ ಇಲ್ಲ.

ಚೆನ್ನಿಯಪ್ಪನ್ ಎದ್ದು ಹೊರಗೆ ಬಂದ.

"ಐದು ನಿಮಿಷ ಹೆಚ್ಗೇನೇ ಕಾದೆ ಅಣ್ಣ. ಕುಪ್ಪುಸಾಮಿಯವ್ರೂ ಬೇರೆ ಹೊರಟು ನಿಂತಿದ್ರು."

"ಬಸ್ಸು ಹೋಗ್ಬಿಡ್ತು." ಪೆರಿಯಸಾಮಿ ಉಸಿರು ತೆಗೆದುಕೊಂಡ. "ಆ ನಾಲ್ಕೂ ಇಳಿಯಲ್ಲ ಚೆನ್ನಿ. ನಾನೇ ನಿಂತು ನೋಡ್ದೆ. ಮೂರು ಸಲ."

ಚೆನ್ನಿಯಪ್ಪನಿಗೆ ಕೋಪ ಬರಬೇಕಿದ್ದ ಕಡೆ ಬಂದದ್ದು ಆಯಾಸ.

"ಅದನ್ನ ನೋಡಕ್ಕೆ ಹೋಗಿದ್ದ್ಯಾ? ಶನಿವಾರವೇ ಹೇಳಿದ್ನಲ್ಲ ಅಣ್ಣ."

ಪೆರಿಯಸಾಮಿ ತನ್ನ ಕೈಲಿ ಸಾಧ್ಯವಿದ್ದ ಇನ್ನೊಂದು ಮಾತನ್ನು ಆಡಿದ.

"ಅವ್ವ ನಿನ್ನ ನೀರು ಬಿಟ್ಕೊಂಡವ್ಳೆ. ಈಗ್ಲೇ ಹೋಗಿ ಕಟ್ಟಿಸ್ತೀನಿ."

"ಯಾಕೆ ಕಟ್ತೀಯ. ಬುಧವಾರದವರ್ಗೂ ನನ್ನ ಮುರೆ ತಾನೆ, ಹರೀಲಿ. ಆಮೇಲೆ ಇವರ್ದು."

"ನಾಲ್ಕು ದಿನದ ನೀರು ಚೆನ್ನಿ. ನಮ್ಮ ಮುರೇಲಿ ವಾಪಸ್ ಕೊಡ್ತೀನಿ."

"ಯಾವ ಹೊಲಕ್ಕೆ ಬಿಡ್ತೀಯ?" ಎಂದು ಚೆನ್ನಿಯಪ್ಪನ್ ಕೇಳಿದ. ಅದರಲ್ಲಿ ಚುಚ್ಚು ಇರಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದ, ಅಷ್ಟೇ.

ರಾಮಾತಾಳ್ ಅರಿಶಿನದ ಗಡ್ಡೆ ಬೇಡವೆಂದು ಹೇಳಿಕಳುಹಿಸಿದಳು. ಬುಧವಾರ ಸಂಜೆಯವರೆಗೆ ನೀರು ಹರಿಯಿತು, ಗುರುವಾರ ಅವರ ಸ್ವಂತ ಮುರೆ ಬಂತು, ಅದು ಮುಗಿದ ಮರುದಿನ ಬೆಳಿಗ್ಗೆ ಕುಪ್ಪುಸಾಮಿಯ ಆಳು ಬಂದು ಮೋಟಾರ್ ಮನೆಗೆ ಎರಡನೆಯ ಬೀಗ ಹಾಕಿದ. ಚೆನ್ನಿಯಪ್ಪನ್ ಕರುಮತ್ತಂಪಟ್ಟಿಯಲ್ಲಿ ಒಂದು ಶೆಡ್ ಹಿಡಿದ. ಪೆರಿಯಸಾಮಿ ನೀರಿನ ಬೆಲೆ ಲೆಕ್ಕಹಾಕಿ ಹಣ ತೆಗೆದುಕೊಂಡು ಹೋದಾಗ ಅವನು ಟೀ ಕುಡಿಸಿ ಕಳುಹಿಸಿದ, ಹಣ ಮುಟ್ಟಲಿಲ್ಲ. ಋಣ ತೀರಿಸಲಾಗದ ಹಾಗೆ ಅವನು ಬೇಕೆಂದೇ ಬಿಟ್ಟನೇ ಎಂಬ ಅನುಮಾನ ಹಿಂದಿರುಗುವ ಬಸ್ಸಿನಲ್ಲಿ ಒಮ್ಮೆ ಸುಳಿಯಿತು. ಅದನ್ನು ಪರೀಕ್ಷಿಸಲು ಪೆರಿಯಸಾಮಿ ಹೋಗಲಿಲ್ಲ. ಹೊಲವಿಲ್ಲದವನಿಗೆ ನಾಲ್ಕು ದಿನದ ನೀರು ಬಾಕಿಯಾಗಿಯೇ ಉಳಿಯಿತು.