ಜರಿ ಕೋಟಿನ ವರಮಾನ

ನಾನು ಒಂದು ಬ್ಯಾಂಡ್ ಕೋಟು. ಮದುವೆ ಮೆರವಣಿಗೆಯಲ್ಲಿ ಮದುಮಗನಿಗಿಂತ ಮೊದಲು ಜನರ ಕಣ್ಣಿಗೆ ಬೀಳುವವನು ನಾನೇ. ಗದಗಿನ ಟೇಲರ್ ಗೂಳಪ್ಪ ನನ್ನನ್ನು ಕೆಂಪು ಮಖಮಲ್ಲಿನಲ್ಲಿ ಹೊಲಿದು, ಹೆಗಲಿಗೆ ಜರಿ ಕುಚ್ಚು, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ ಇಟ್ಟ. ನಾವು ಒಟ್ಟು ಹನ್ನೆರಡು ಜನ ಅಣ್ಣತಮ್ಮಂದಿರು. ಚೆಂದದಲ್ಲಿ ನಾನೇ ಮೇಲು. ಇದು ಜಂಬವಲ್ಲ, ಇದ್ದ ಮಾತು.

ರಾಣೆಬೆನ್ನೂರಿನ ಗುಲಾಬಿ ಬ್ರಾಸ್ ಬ್ಯಾಂಡಿನವರು ನಮ್ಮನ್ನು ಕೊಂಡರು. ನನ್ನನ್ನು ಮೊದಲು ತೊಟ್ಟವನು ಡೋಲಿನ ಚನಬಸಪ್ಪ. ಅವನ ಹೊಟ್ಟೆ ನನ್ನ ಗುಂಡಿಗಳ ಜೊತೆ ಆರು ವರ್ಷ ಜಗಳವಾಡಿತು. ಮೊಣಕಾಲು ನೋವೆಂದು ಅವನು ಬ್ಯಾಂಡು ಬಿಟ್ಟ ಮೇಲೆ ನಾನು ಕ್ಲಾರಿಯೋನೆಟ್ ನುಡಿಸುವ ದಸ್ತಗೀರಸಾಬನ ಪಾಲಾದೆ. ಇವನು ಕಡ್ಡಿ ಮನುಷ್ಯ. ಅವನ ಹೆಂಡತಿ ಮಾಬೂಬಿ ನನ್ನ ಎರಡೂ ಪಕ್ಕ ಒಳಗೆ ಹಿಡಿದು ಹೊಲಿದಳು.

ದಸ್ತಗೀರನಿಗೆ ಆಸ್ತಿ ಅಂತ ಇದ್ದದ್ದು ತಂದೆ ಬಿಟ್ಟುಹೋದ ಎರಡು ಖೋಲಿಯ ತಗಡಿನ ಮನೆ ಒಂದೇ. ಒಂದು ದಿನ ಅವನ ಹೆಸರಿಗೆ ಕೋರ್ಟಿನಿಂದ ಸಮನ್ಸ್ ಬಂತು. ಆ ಜಾಗ ತನ್ನದು, ದಸ್ತಗೀರ ಖಾಲಿ ಮಾಡಬೇಕು ಎಂದು ಪಕ್ಕದ ಗೋದಾಮಿನ ಮಾಲೀಕ ದಾವೆ ಹೂಡಿದ್ದ. ಹಕ್ಕುಪತ್ರವೇನೋ ಟ್ರಂಕಿನಲ್ಲಿತ್ತು. ಅದನ್ನು ಜಡ್ಜಿನ ಮುಂದೆ ಇಟ್ಟು ವಾದಿಸಲು ವಕೀಲರು ಬೇಕಲ್ಲ? ಅವರ ಫೀಜು ಕೇಳಿಯೇ ಗಂಡಹೆಂಡತಿ ಮನೆಗೆ ವಾಪಸು ಬಂದರು. ವರಮಾನ ಕಡಿಮೆ ಇದ್ದವರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ ಎಂದು ಬ್ಯಾಂಡಿನ ಗೆಳೆಯನೊಬ್ಬ ಹೇಳಿದ ಮೇಲೆ ಸ್ವಲ್ಪ ಉಸಿರು ಬಂತು.

ಅದಕ್ಕೆ ಅರ್ಜಿ ಕೊಡಲು ಗಂಡಹೆಂಡತಿ ಕೋರ್ಟಿಗೆ ಹೊರಟಾಗ ದಸ್ತಗೀರ ನನ್ನನ್ನೇ ತೊಟ್ಟ.

"ಕೋಟ್ ಯಾಕ? ಏನ್ ಮದುವಿಗೆ ಹೊಂಟೀರೇನು?" ಅಂದಳು ಮಾಬೂಬಿ.

"ಕೋರ್ಟಿಗೆ ಹರಕ ಅಂಗಿ ಹಾಕ್ಕೊಂಡು ಹೋಗಾಕ ಆಗತೈತೇನ? ನಾಕ್ ಮಂದಿ ಮರ್ಯಾದಿ ಕೊಡಬೇಕು."

ನಾನು ಹಿಗ್ಗಿದೆ. ಕೋರ್ಟಿನ ಆವರಣದಲ್ಲೇ ಇದ್ದ ಕಾನೂನು ಸೇವಾ ಸಮಿತಿಯ ಕಚೇರಿಯಲ್ಲಿ ಕೂತಿದ್ದವರು ನನ್ನನ್ನು ನೋಡಿ ತಾವಾಗಿಯೇ ಬೆಂಚಿನಲ್ಲಿ ಜಾಗ ಬಿಟ್ಟರು. ಅರ್ಜಿ ತುಂಬಿಸಿಕೊಳ್ಳುವ ಸುಲೋಚನಾ ಮೇಡಂ ಕೇಳಿದರು, "ವರ್ಷದ ವರಮಾನ ಎಷ್ಟ್ರಿ?"

ಇಲ್ಲೇ ಎಡವಟ್ಟಾಯಿತು. ಬ್ಯಾಂಡಿನವರು ಯಾರು ಕೇಳಿದರೂ ರೇಟು ಇಳಿಸಿ ಹೇಳುವುದಿಲ್ಲ. ಒಮ್ಮೆ ಇಳಿಸಿದರೆ ಊರೆಲ್ಲ ಅದೇ ರೇಟು ಕೇಳುತ್ತದೆ. ದಸ್ತಗೀರ ಎದೆಯುಬ್ಬಿಸಿ, "ದಿನಕ್ಕ ಎರಡು ಸಾವಿರ್ರಿ, ಒಂದ್ ಪೈಸೆ ಕಮ್ಮಿ ಇಲ್ಲ!" ಅಂದ.

ಮೇಡಂ ಲೆಕ್ಕ ಹಾಕಿದರು. ವರ್ಷಕ್ಕೆ ಏಳು ಲಕ್ಷದ ಮೇಲಾಯಿತು. "ಮೂರು ಲಕ್ಷದ ಒಳಗ ಇರಬೇಕ್ರಿ. ನಿಮಗ ಬರೂದಿಲ್ಲ," ಎಂದು ಅರ್ಜಿಯನ್ನು ಪಕ್ಕಕ್ಕಿಟ್ಟರು.

ದಸ್ತಗೀರ ನನ್ನ ಗುಂಡಿ ಸರಿಮಾಡಿಕೊಂಡು ಎದ್ದ. ಮನೆ ಹೋದರೂ ಚಿಂತೆಯಿಲ್ಲ, ತಾನು ಬಡವ ಎಂದು ಈ ನಾಲ್ಕು ಜನರ ಮುಂದೆ ಹೇಳಲಾರ. ಆ ಹಟ ನಾನು ಕಲಿಸಿದ್ದು ಎಂದು ನನಗೆ ನಾಚಿಕೆಯಾಯಿತು.

ಮಾಬೂಬಿ ಅವನ ಕೈ ಹಿಡಿದು ಕೂರಿಸಿದಳು. "ಮೇಡಂ, ಈ ಮನಷ್ಯಾನ ಮಾತ ಕೇಳಬ್ಯಾಡ್ರಿ. ಗ್ವಾಡಿ ಮ್ಯಾಗಿನ ಕ್ಯಾಲೆಂಡರ್ ನೋಡ್ರಿ. ಆಷಾಢದಾಗ ಯಾರ ಮದುವಿ ಆಗತಾರ? ಪಿತೃಪಕ್ಷದಾಗ? ಧನುರ್ಮಾಸದಾಗ? ಎರಡು ಸಾವಿರ ಬಾಯಾಗ ಅಷ್ಟ. ಚೌಕಾಸಿ ಮಾಡಿ ಹನ್ನೆರಡು ನೂರು ಕೊಡತಾರ."

ಹಾಗಂದವಳೇ ಎಲ್ಲರೆದುರು ನನ್ನ ಗುಂಡಿ ಬಿಚ್ಚಿದಳು. ಒಳಗಿದ್ದ ಬನಿಯನ್ನಿನಲ್ಲಿ ಮೂರು ಬೆರಳು ಹೋಗುವಷ್ಟು ತೂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಆ ಹೂವು ನಾನೇ. ಯಾರೂ ನಗಲಿಲ್ಲ. ದಸ್ತಗೀರ ತಲೆ ತಗ್ಗಿಸಿ, "ಖರೇ ಐತ್ರಿ," ಅಂದ.

ಮೇಡಂ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲೆ ಹರಡಿದರು. ಮುಹೂರ್ತದ ದಿನಗಳಿಗೆ ಒಂದೊಂದಾಗಿ ಪೆನ್ಸಿಲ್ ಗುರುತು ಹಾಕಿದರು. ನಲವತ್ತಾರು ಮುಹೂರ್ತ ಸಿಕ್ಕವು, ಅದರಲ್ಲಿ ಇವರ ಬ್ಯಾಂಡಿಗೆ ಬಂದದ್ದು ನಲವತ್ತು. ಉಳಿದ ದಿನಗಳಲ್ಲಿ ಅವನು ಮನೆಗಳಿಗೆ ಬಣ್ಣ ಬಳಿಯುವ ಕೂಲಿ ಸೇರಿಸಿದರೂ ಒಂದೂಕಾಲು ಲಕ್ಷ ಮುಟ್ಟಲಿಲ್ಲ.

"ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಗೊಂಡು ಬರ್ರಿ. ನಿಮಗ ವಕೀಲರು ಸಿಗತಾರ," ಅಂದರು ಮೇಡಂ. "ಇದು ಭಿಕ್ಷೆ ಅಲ್ರಿ, ನಿಮ್ಮ ಹಕ್ಕು."

ವಕೀಲರೂ ಸಿಕ್ಕರು. ಟ್ರಂಕಿನ ಹಕ್ಕುಪತ್ರ ಕೋರ್ಟಿನ ಮೇಜು ಹತ್ತಿತು. ಎರಡು ವರ್ಷ ಓಡಾಟವಾಯಿತು, ಕೊನೆಗೆ ಗೋದಾಮಿನವನ ದಾವೆ ವಜಾ ಆಯಿತು. ಆವತ್ತು ಮಾಬೂಬಿ ಓಣಿಗೆಲ್ಲ ಶಿರಾ ಹಂಚಿದಳು.

ಈಗ ನನಗೆ ವಯಸ್ಸಾಗಿದೆ. ಜರಿ ಕಪ್ಪಾಗಿದೆ, ಬ್ಯಾಂಡಿಗೆ ನೀಲಿ ಕೋಟುಗಳು ಬಂದಿವೆ. ಬರಲಿ, ನನ್ನಷ್ಟು ಚೆಂದವಿಲ್ಲ. ಓಣಿಯವರು ನೋಟಿಸು ಹಿಡಿದು ಗಾಬರಿಯಿಂದ ಬಂದರೆ ದಸ್ತಗೀರ ತಾನೇ ಆ ಕಚೇರಿಗೆ ಕರೆದುಕೊಂಡು ಹೋಗುತ್ತಾನೆ. "ಇದ್ದದ್ದು ಇದ್ದಂಗ ಹೇಳ್ರಿ, ನಾಚಬ್ಯಾಡ್ರಿ," ಎಂದು ದಾರಿಯುದ್ದಕ್ಕೂ ಹೇಳುತ್ತಾನಂತೆ. ನನ್ನನ್ನು ಮಾತ್ರ ತೊಡುವುದಿಲ್ಲ, ಮೊಳೆಗೆ ತೂಗುಹಾಕಿ ಹೋಗುತ್ತಾನೆ. ಬೇಸರವೇನಿಲ್ಲ. ಮೊಳೆ ಹೊಡೆದ ಗೋಡೆ ನಮ್ಮದು.